ಆಯಿ ಹೇಳದ ವಾರ

೧೮ ಜೂನ್ ೨೦೨೫, ಬುಧವಾರ

ಭಾಲ್ಕಿಯ ಗಂಡನ ಮನೆ ಬಿಟ್ಟು ತವರಿಗೆ ಬಂದು ಇಂದಿಗೆ ಐದು ತಿಂಗಳು. ಬೀದರಿನ ನಮ್ಮ ಓಣಿಯಲ್ಲಿ ಯಾರು ಕೇಳಿದರೂ ಅವ್ವನದು ಒಂದೇ ಉತ್ತರ: “ಪ್ರಣಾಲಿಗಿ ಪ್ರಾಜೆಕ್ಟ್ ಬಂದದರಿ. ಹಳೀ ಹಳೀ ಪದಾ ಕೂಡಿಸ್ಲಕತ್ತಾಳ.” ಹೇಳಿ ಹೇಳಿ ಆ ಸುಳ್ಳು ನಿಜವೇ ಆಗಿಬಿಟ್ಟಿತು. ಗಡಿ ಭಾಗದ ಮಾತುಗಳ ಪದಕೋಶ ಮಾಡುತ್ತಿರುವ ಗುಂಪೊಂದಕ್ಕೆ ಬರೆದೆ. ಅವರು ಖಾಲಿ ಚೀಟಿಗಳ ಒಂದು ಕಟ್ಟನ್ನೇ ಕಳಿಸಿದರು. ಪದ, ಅರ್ಥ, ಮೂಲ, ಹೇಳಿದವರ ಹೆಸರು, ಊರು. ಒಂದು ಪದಕ್ಕೆ ಒಂದು ಚೀಟಿ.

ಚೀಟಿಯಲ್ಲಿ ಹಿಡಿಯದ್ದನ್ನು ಈ ವಹಿಯಲ್ಲಿ ಬರೆಯುತ್ತೇನೆ. ಇದನ್ನು ಯಾರೂ ಓದಕೂಡದು. ಅವ್ವಾ, ನೀನು ಓದುತ್ತಿದ್ದರೆ ಈಗಲೇ ಮುಚ್ಚು.

ಇಂದಿನ ಪದ ‘ಹೈರಾಣ’. ಅರಬ್ಬಿಯಿಂದ ಹೊರಟಾಗ ಇದರ ಅರ್ಥ ಬೆರಗು. ಫಾರಸಿ, ಉರ್ದು ಎಲ್ಲ ದಾಟಿ ನಮ್ಮ ಬೀದರಿಗೆ ಬಂದು ಮುಟ್ಟುವಷ್ಟರಲ್ಲಿ ಪಾಪ ಸುಸ್ತಾಗಿದೆ. ಇಲ್ಲಿ ಹೈರಾಣ ಅಂದರೆ ದಣಿದು ಬಿದ್ದವರು. ಅಂದರೆ ನಾನು.

ಸಂಜೆ ಚಹಾ ಕುಡಿಯುತ್ತ ಅಪ್ಪ ಹೇಳಿದರು: “ಆಗಸ್ಟ್ ಹತ್ತಕ್ಕ ಭಾಲ್ಕ್ಯಾಗ ಬೈಠಕ್ ಇಟ್ಟಾರ. ಎರಡೂ ಕಡೀ ಹಿರ್ಯಾರು ಕೂಡ್ತಾರ. ಬ್ಯಾಗ್ ತುಂಬ್ಕೊಂಡೇ ಹೋಗೋಣು.” ಬ್ಯಾಗು ಮೊದಲೇ ತುಂಬಬೇಕಂತೆ! ಬೈಠಕ್ಕಿಗೆ ಮುಂಚೆ ತೀರ್ಪು ಬರೆದಾಗಿದೆ. ಹೋದ ತಿಂಗಳಷ್ಟೇ ಹೆಡ್ಮಾಸ್ತರಿಕೆಯಿಂದ ನಿವೃತ್ತರಾದವರು, ಇನ್ನೂ ಸಾಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳುತ್ತಾರೆ. ಮೇಲಿಂದ ತಮ್ಮ ತಾಯಿಯನ್ನು, ಅಂದರೆ ನನ್ನ ಆಯಿಯನ್ನು ಮುಂದಿಟ್ಟು ದಿನನಿತ್ಯದ ಪಾಠ: “ನಿಮ್ಮ ಆಯಿಗಿ ನೋಡಿ ಕಲಿ. ಮುತ್ಯಾನ ಸಂಗಾಟ ಐವತ್ತು ವರ್ಷ ಬಾಳ್ವಿ ಮಾಡ್ಯಾಳ. ಒಂದಿನ ತವರಮನಿಗಿ ಓಡಿ ಹೋಗಿಲ್ಲ.”

ನಾನು ಹೋಗಿ ಅಲ್ಲಿ ಉಳಿಯುವುದಿಲ್ಲ. ಆದರೆ ಹಿರಿಯರ ಮುಂದೆ ಏನು ಕಾರಣ ಹೇಳಲಿ? ಭಾಲ್ಕಿಯವನು ಹೊಡೆದಿಲ್ಲ, ಕುಡಿಯುವುದಿಲ್ಲ, ಇನ್ನೊಬ್ಬಳಿಲ್ಲ. ನನ್ನ ಹತ್ತಿರ ತೋರಿಸಲು ಒಂದು ಗಾಯವೂ ಇಲ್ಲ.

೨೨ ಜೂನ್, ಭಾನುವಾರ

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಬುದ್ಧ ವಂದನೆ. ಅಪ್ಪ ದೊಡ್ಡ ದನಿಯಲ್ಲಿ ಹೇಳಿಸುತ್ತಾರೆ, ಅವ್ವ ಮತ್ತು ನಾನು ಹಿಂದೆ ಹೇಳುತ್ತೇವೆ. ಆಯಿ ಕೈ ಮುಗಿದು ಕೂತು ಬರೀ ತುಟಿ ಅಲ್ಲಾಡಿಸುತ್ತಾಳೆ. ನನಗೆ ತಿಳಿವಳಿಕೆ ಬಂದಾಗಿನಿಂದ ಹೀಗೇ. ಅಪ್ಪನಿಗೆ ಇದೊಂದು ಹಳೆಯ ನೋವು. ಊರ ದೇವಿಯ ಭಯ ಆಯಿಯ ಹೊಟ್ಟೆಯಲ್ಲಿ ಇನ್ನೂ ಉಳಿದಿದೆ, ಅದಕ್ಕೇ ಬಾಯಿ ಬಿಡುವುದಿಲ್ಲ ಎಂದು ಅವರ ನಂಬಿಕೆ.

ವಂದನೆ ಮುಗಿದ ಮೇಲೆ ಆಯಿ ಅಂದಳು: “ಚಾರಸಂಬಾಕ್ಕ ನನಗ ದವಾಖಾನಿಗಿ ಒಯ್ಯಿ. ಕಣ್ಣಾಗ ಮಂಜ ಮಂಜ ಆಗ್ಲಕತ್ತದ.”

ಚಾರಸಂಬಾ! ಇಪ್ಪತ್ತೊಂಬತ್ತು ವರ್ಷ ಈ ಪದ ಕೇಳಿಯೂ ನಾನು ಕೇಳಿಸಿಕೊಂಡೇ ಇರಲಿಲ್ಲ. ಆಯಿ ಬುಧವಾರಕ್ಕೆ ಹೀಗೆನ್ನುತ್ತಾಳೆ, ಅಷ್ಟೇ ಎಂದುಕೊಂಡಿದ್ದೆ. ಚೀಟಿ ತೆಗೆದುಕೊಂಡು ಎದುರಿಗೆ ಕೂತೆ.

“ಆಯಿ, ವಾರದ ಹೆಸರು ಎಲ್ಲಾ ಹೇಳು.”

“ಯಾಕ, ನೀ ಮರ್ತೀ ಏನು? ಆಯ್ತಾರ, ಸೋಮಾರ, ಮಂಗಳಾರ, ಚಾರಸಂಬಾ, ಬೇಸ್ತಾರ, ಸುಕ್ರಾರ, ಸನಿವಾರ.”

ಆರು ಕನ್ನಡದವು, ನಡುವೆ ಒಂದು ಮಾತ್ರ ಎಲ್ಲಿಯದೋ! ತಲೆ ಕೆರೆದುಕೊಂಡೆ. ‘ಸಂಬಾ’ ಅಂದರೆ ಶಂಭು ಇರಬಹುದೇ? ನಾಲ್ಕು ಶಂಭುಗಳ ಪೂಜೆಯ ದಿನ? ಎರಡು ಪುಟ ಸಿದ್ಧಾಂತ ಬರೆದೆ. ಬಹಳ ಚೆಂದ ಬಂದಿದೆ.

೨೪ ಜೂನ್, ಮಂಗಳವಾರ

ಎರಡೂ ಪುಟ ಹರಿದು ಹಾಕಿದೆ.

ಪಕ್ಕದ ಗಲ್ಲಿಯ ಮಹಮೂದಾ ಬೇಗಂ ಉರ್ದು ಸಾಲಿಯಲ್ಲಿ ಮೂವತ್ತು ವರ್ಷ ಕಲಿಸಿದವರು. ಆಯಿಗೂ ಅವರಿಗೂ ಎಲೆ ಅಡಿಕೆಯ ಗೆಳೆತನ. ನನ್ನ ನಾಲ್ಕು ಶಂಭುಗಳ ಕಥೆ ಕೇಳಿ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

“ಅರೇ ಬೇಟಾ, ಅದು ಚಾರಶಂಬಾ. ಫಾರಸಿ ಅದ. ಚಾರ್ ಅಂದ್ರ ನಾಕು. ಶನಿವಾರದಿಂದ ಮುಂದ ಎಣಿಸ್ಕೋ, ನಾಕನೇ ದಿನ. ನಮ್ಮ ಮನ್ಯಾಗ ಬುಢ್ಢಿಯರು ಈಗೂ ಹಿಂಗೇ ಅಂತಾರ. ಇದ್ರಾಗ ಶಂಭು ಎಲ್ಲಿಂದ ಬಂದ್ನೇ!”

ಎಣಿಸಿ ನೋಡಿದೆ. ಸರಿಯಾಗಿ ಬುಧವಾರಕ್ಕೇ ಬರುತ್ತದೆ. ಎಂಥ ಸರಳ! ಇರಾನಿನಲ್ಲಿ ಹುಟ್ಟಿದ ವಾರ ನಮ್ಮ ಮೂಲ ಊರು ಭಾತಂಬ್ರಾದ ಮುದುಕಿಯ ಬಾಯಲ್ಲಿ ಕೂತಿದೆ.

ಹೊರಡುವಾಗ ಮಹಮೂದಾ ಬೇಗಂ ಬಾಗಿಲಲ್ಲಿ ತಡೆದು ಕೇಳಿದರು: “ಆದ್ರ ನಿಮ್ಮ ಆಯಿ ಕೌಸಲ್ಯಾಬಾಯಿ ಒಂದೇ ದಿನಾ ಯಾಕ ನಮ್ಮ ಕಡಿಂದ ತಗೊಂಡಾಳ? ತಗೊಂಡ್ರ ಏಳೂ ತಗೋಬೇಕಿತ್ತು. ನಾವೇನ್ ಬ್ಯಾಡ ಅಂತಿದ್ವೇನು?”

ಪ್ರಶ್ನೆ ಬರೋಬ್ಬರಿ ಇದೆ. ನನಗೆ ಹೊಳೆದಿರಲಿಲ್ಲ ಎಂದು ಒಳಗೊಳಗೇ ಉರಿಯಿತು.

೨೬ ಜೂನ್, ಗುರುವಾರ

ಮಳೆ. ಭಾಲ್ಕಿಯಿಂದ ಫೋನು, ಅವ್ವನಿಗೆ. ಆಮೇಲೆ ಅವ್ವನ ಅಳು, ಆಮೇಲೆ ನನ್ನ ಕೂಗಾಟ. ಪದ ಗಿದ ಏನೂ ಇಲ್ಲ.

೨ ಜುಲೈ, ಬುಧವಾರ

ಆಯಿಯ ಬಾಯನ್ನು ಪತ್ತೇದಾರಳ ಹಾಗೆ ಕಾಯುತ್ತಿದ್ದೇನೆ. ಇನ್ನೂ ಎರಡು ಸಿಕ್ಕವು.

ಬೆಳಿಗ್ಗೆ ಹಿತ್ತಲಿನ ಒಲೆ ಬಳಿಯುತ್ತ ಅವಳು ಅಂದದ್ದು: “ರಾಖ ತಗದು ಗಿಡದ ಬುಡಕ್ಕ ಹಾಕು.” ರಾಖ ಮರಾಠಿ. ನಮ್ಮ ಮನೆಯಲ್ಲಿ ಉಳಿದವರೆಲ್ಲ ಬೂದಿ ಅನ್ನುತ್ತೇವೆ. ಮಧ್ಯಾಹ್ನ ನಾನು ಹಾಲು ಉಕ್ಕಿಸಿದ್ದಕ್ಕೆ ಬೈದದ್ದು: “ಅಕಲ ಅದ ಏನ ಇಲ್ಲ ನಿನಗ?” ಅಕಲ ಉರ್ದು. ಬುದ್ಧಿ ಎಂದು ಅವಳು ಎಂದಾದರೂ ಅಂದಿದ್ದಾಳೆಯೇ? ನೆನಪೇ ಇಲ್ಲ.

ಪರೀಕ್ಷೆ ಶುರು ಮಾಡಿದೆ.

“ಆಯಿ, ಸಣ್ಣ ಹುಡುಗರು ತಪ್ಪ ಮಾಡಿದ್ರ ಏನ್ ಹೇಳ್ತಾರ?”

“ಅಕಲ ಹೇಳ್ತಾರ.”

“ಮೈಗಿ ಬಡಕೋತಾರಲ್ಲ ಸಾಧು ಮಂದಿ, ಅದು?”

“ರಾಖ. ನಿನಗ ಇವತ್ತ ಏನಾಗ್ಯಾದ?”

“ರೊಟ್ಟಿ ಇಡೋದು?”

“ಬುಟ್ಟಿ.”

ಬುಟ್ಟಿ ಅಂದಳು! ಬುಡ ಅಂದಳು. ಬಾರದಿರುವುದು ಬುಧ, ಬುದ್ಧಿ, ಬೂದಿ ಮೂರೇ. ಪರ್ಶಿಯಾದಿಂದ ಒಂದು, ಮಹಾರಾಷ್ಟ್ರದಿಂದ ಒಂದು, ನಿಜಾಮನ ಕಚೇರಿಯಿಂದ ಒಂದು ಪದ ಎರವಲು ತಂದು ಮೂರು ಗುಂಡಿ ಮುಚ್ಚಿದ್ದಾಳೆ. ಯಾಕೆ? ಎಷ್ಟೋ ತಿಂಗಳ ಮೇಲೆ ನನಗೆ ಹಸಿವಾಯಿತು. ಎರಡು ರೊಟ್ಟಿ ಹೆಚ್ಚು ತಿಂದೆ.

೫ ಜುಲೈ, ಶನಿವಾರ

ಮಹಮೂದಾ ಬೇಗಂ ಇಂದು ಗಂಟು ಬಿಚ್ಚಿದರು. ಅವರಿಗೆ ಗೊತ್ತಾಗದೇ ಬಿಚ್ಚಿದರು.

ಅವರ ಅತ್ತೆಯ ಸುದ್ದಿ ಬಂತು. ಮಾವನ ಹೆಸರು ಚಾಂದಸಾಬ. ಅದಕ್ಕೆ ಅತ್ತೆ ಜನ್ಮದಲ್ಲಿ ಚಾಂದ್ ಎಂದವರಲ್ಲ. ಈದ್ ಹಬ್ಬದ ಹಿಂದಿನ ಸಂಜೆ ಮನೆಯವರೆಲ್ಲ ಮಾಳಿಗೆ ಹತ್ತಿ ಚಂದ್ರನನ್ನು ಹುಡುಕುವಾಗ ಎಲ್ಲರಿಗಿಂತ ಮೊದಲು ಕಾಣುತ್ತಿದ್ದುದು ಅವರಿಗೇ. ಹೆಸರು ಹೇಳುವಂತಿಲ್ಲ! “ವೋ ದಿಕ್ಯಾ, ವೋ ದಿಕ್ಯಾ”, ಅಗೋ ಕಂಡಿತು, ಎಂದು ಬೆರಳು ಮಾಡಿ ಕುಣಿಯುತ್ತಿದ್ದರಂತೆ. ಗಂಡನ ಹೆಸರು ತೆಗೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ, ಹೆಸರನ್ನು ಹೋಲುವ ಪದ ತೆಗೆದರೂ ಅಷ್ಟೇ.

ನಾನು ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಓಡಿದೆ. ಸಿಕ್ಕಿತು, ಸಿಕ್ಕಿತು ಎನ್ನುತ್ತ ಓಡಿದೆ. ನಮ್ಮ ಗೇಟಿನ ಹತ್ತಿರ ಬಂದಾಗ ಕಾಲು ನಿಂತಿತು.

ನಮ್ಮ ಮುತ್ಯಾನ ಹೆಸರು ಗೋರಖನಾಥ. ಅದರಲ್ಲಿ ಬುಧ ಎಲ್ಲಿದೆ? ಅದೂ ಅಲ್ಲದೆ ಆಯಿ ಮುತ್ಯಾನನ್ನು ಊರೆಲ್ಲ ಕೇಳುವ ಹಾಗೆ “ಗೋರಖಾ, ಏ ಗೋರಖಾ” ಎಂದೇ ಕರೆಯುತ್ತಿದ್ದವಳು. ಬಾಬಾಸಾಹೇಬರ ದಾರಿ ಹಿಡಿದ ಮುತ್ಯಾನೇ ಹಾಗೆ ಕರೆ ಎಂದು ಹೇಳಿದ್ದನಂತೆ. ನಮ್ಮ ಮನೆತನದಲ್ಲಿ ಇದೊಂದು ಹೆಮ್ಮೆಯ ಕಥೆ. ಮುತ್ಯಾನ ಅಪ್ಪ, ಅಣ್ಣ, ಭಾತಂಬ್ರಾದ ಬಳಗವನ್ನೆಲ್ಲ ಅಪ್ಪನ ಬಾಯಿಂದ ಕೇಳಿ ಬರೆದುಕೊಂಡೆ. ಬುಧ ಎಂಬವರು ಒಬ್ಬರೂ ಇಲ್ಲ.

ವಂದನೆಯಲ್ಲಿ ಅವಳು ಬಾಯಿ ಬಿಡದ ಕಾರಣ ಈಗ ಹೊಳೆಯಿತು. ಬುದ್ಧಂ ಸರಣಂ ಎನ್ನಬೇಕಲ್ಲ! ಊರ ದೇವಿಯ ಭಯ ಅಲ್ಲವೇ ಅಲ್ಲ. ಅಪ್ಪ ಇಷ್ಟು ವರ್ಷ ತಪ್ಪು ತಿಳಿದಿದ್ದಾರೆ.

ಹಾಗಾದರೆ ಅವಳು ಯಾರ ಆಯುಷ್ಯ ಕಾಯುತ್ತಿದ್ದಾಳೆ?

೮ ಜುಲೈ, ಮಂಗಳವಾರ

ಅಪ್ಪ ಅವ್ವ ಕಮಠಾಣದ ಮದುವೆಗೆ ಹೋಗಿದ್ದರು. ಮಧ್ಯಾಹ್ನ ಆಯಿ ಅಕ್ಕಿ ಆರಿಸುತ್ತಿದ್ದಳು. ನಾನೂ ಮೊರದ ಆಚೆ ಕೂತೆ.

“ಆಯಿ, ಬುಧಪ್ಪ ಯಾರು?”

ಹೆಸರನ್ನು ಊಹಿಸಿಯೇ ಹೇಳಿದೆ. ಬುಧವಾರ ಹುಟ್ಟಿದವರಿಗೆ ಈ ಕಡೆ ಹಾಗೆ ಇಡುತ್ತಾರೆ. ಆಯಿಯ ಕೈ ಅಕ್ಕಿಯಲ್ಲೇ ನಿಂತಿತು. ಆಮೇಲೆ ಎಂಬತ್ನಾಲ್ಕು ವರ್ಷದ ನನ್ನ ಆಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೊಸ ಸೊಸೆಯ ಹಾಗೆ!

“ಯಾರ್ ಹೇಳ್ದಾರ ನಿನಗ?”

“ನೀನೇ ಹೇಳ್ದಿ. ಚಾರಸಂಬಾ ಅಂತ.”

ಸಿಟ್ಟಾದಳು ಎಂದುಕೊಂಡೆ. ಆದರೆ ಅವಳು ಕಿಸಕ್ಕನೆ ನಕ್ಕಳು. “ಭಾಳ ಚಾಲೂ ಆಗೀದಿ ನೀ.”

ಹನ್ನೆರಡನೆಯ ವರ್ಷಕ್ಕೆ ಔರಾದ ಕಡೆಯ ಸಂತಪುರಕ್ಕೆ ಅವಳನ್ನು ಕೊಟ್ಟಿದ್ದರು. ಏಳು ವರ್ಷ ಇದ್ದಳು. ಅತ್ತೆ ಮೊದಲ ದಿನವೇ ಒಲೆಯ ಮುಂದೆ ಕೂರಿಸಿ ಯಾವ ಯಾವ ಪದ ಬಾಯಿಂದ ಬರಬಾರದು ಎಂದು ಹೇಳಿಕೊಟ್ಟಳು. ಮರೆತು ಅಂದರೆ ಬಿಸಿ ಸೌಟಿನಿಂದ ಮೊಣಕೈಗೆ ಮುಟ್ಟಿಸುತ್ತಿದ್ದಳು. “ಅಂವ ಕೆಟ್ಟಾಂವ ಅಲ್ಲ. ಹೊಡೀಲಿಲ್ಲ, ಬಡೀಲಿಲ್ಲ. ಆದ್ರ ನನಗ ಅಲ್ಲಿ ಜೀವ ಹತ್ತಲಿಲ್ಲ. ದಿನಾ ಹೊತ್ತ ಮುಣುಗಾಗ ತವರಿನ ಹಾದಿ ನೋಡ್ಕೋತ ಕುಂದರ್ತಿದ್ದೆ. ಒಂದಿನ ಪಂಚರ ಮುಂದ ಹೋಗಿ ನಿಂತೆ. ಯಾಕವ್ವಾ ಬ್ಯಾಡ, ಏನ್ ಮಾಡ್ದ ಅಂದ್ರು. ಏನೂ ಮಾಡಿಲ್ಲರಿ, ಜೀವ ಹತ್ತವಲ್ದು ಅಂದೆ.”

“ಅಷ್ಟಕ್ಕೇ ಬಿಟ್ರಾ?”

“ಮತ್ತ? ಜೀವ ಹತ್ತವಲ್ದು ಅಂದ ಮ್ಯಾಲ ಕಟ್ಟಿ ಹಾಕ್ತಾರೇನು? ಒಂದ ಹುಲ್ಲಿನ ಕಡ್ಡಿ ತಂದ್ರು. ಈ ಕಡೀ ತುದಿ ನಾ ಹಿಡದೆ, ಆ ಕಡೀ ತುದಿ ಅಂವ ಹಿಡದ. ಮುರದ್ವಿ. ಕಾಡಿಮೋಡ ಆಯ್ತು.”

ಕಾಡಿಮೋಡ! ಮರಾಠಿಯಲ್ಲಿ ವಿಚ್ಛೇದನಕ್ಕೆ ಆ ಪದ ಇದೆ ಎಂದು ಓದಿದ್ದೆ. ಕಾಡಿ ಅಂದರೆ ಕಡ್ಡಿ, ಮೋಡ ಅಂದರೆ ಮುರಿ. ಕಡ್ಡಿಯ ಒಂದು ತುದಿ ಹಿಡಿದಿದ್ದ ಕೈ ನನ್ನೆದುರಿಗೆ ಅಕ್ಕಿ ಆರಿಸುತ್ತಿತ್ತು.

ಮರುವರ್ಷ ಭಾತಂಬ್ರಾದ ಗೋರಖನಾಥನ ಜೊತೆ ಉಡಿಕಿ. ಇದು ಅಪ್ಪಟ ಕನ್ನಡ, ಉಡುವುದರಿಂದ ಬಂದ ಪದ. ಬಾಸಿಂಗ ಇಲ್ಲ, ಅಕ್ಕಿಕಾಳಿಲ್ಲ. ಗಂಡು ತಂದ ಹೊಸ ಸೀರೆ ಉಟ್ಟರೆ ಮುಗಿಯಿತು, ಲಗ್ನವಾದ ಹಾಗೆ. ಎರಡನೆಯ ಸಲದವರಿಗೆ ಇದ್ದ ದಾರಿ. “ನಮ್ಮ ಓಣ್ಯಾಗ ಉಡಿಕಿ ಆದೋರು ಮಸ್ತ ಮಂದಿ ಇದ್ರು. ಯಾರೂ ನಗತಿರ್ಲಿಲ್ಲ. ನಿಮ್ಮಪ್ಪ ಸಾಲಿ ಕಲ್ತ, ದೊಡ್ಡ ಮಂದಿ ಜೋಡಿ ಎದ್ದ ಕುಂತ. ಆಮ್ಯಾಲ ಆ ಮಾತೇ ಯಾರೂ ಆಡಲಿಲ್ಲ. ಅಂವಗ ಗೊತ್ತಿಲ್ಲ. ನೀ ಹೇಳಬ್ಯಾಡ.”

“ಕಡ್ಡಿ ಮುರದಿ ಅಂದ ಮ್ಯಾಲ ಹೆಸರು ಯಾಕ ಕಾಯ್ದಿ ಆಯಿ?”

ಅವಳು ನನ್ನ ಮುಖ ನೋಡಿದಳು, ಹುಚ್ಚಿಯನ್ನು ನೋಡುವ ಹಾಗೆ. “ನಾ ಬ್ಯಾಡ ಅಂತ ಬಿಟ್ಟ ಬಂದೆ. ಖರೇ. ಅದಕ್ಕ ಅಂವ ಸಾಯ್ಬೇಕೇನು?”

೯ ಜುಲೈ, ಬುಧವಾರ

ಉಡಿಕಿ, ಕಾಡಿಮೋಡ ಎರಡಕ್ಕೂ ಚೀಟಿ ಬರೆದೆ. ಹೇಳಿದವರ ಹೆಸರಿನ ಜಾಗ ಖಾಲಿ ಬಿಟ್ಟೆ.

ಬೈಠಕ್ಕಿಗೆ ಮೂವತ್ತೆರಡು ದಿನ. ಅಪ್ಪನ ಐವತ್ತು ವರ್ಷದ ಬಾಳ್ವಿಯ ಪಾಠಕ್ಕೆ ಉತ್ತರ ನನ್ನ ಕೈಯಲ್ಲಿದೆ, ಆದರೆ ಅದನ್ನು ಬಾಯಿಗೆ ತರುವ ಹಾಗಿಲ್ಲ. ಮಾತು ಕೊಟ್ಟಿದ್ದೇನೆ.

೧೭ ಜುಲೈ, ಗುರುವಾರ

ಇಂದು ಆಯಿ ನನ್ನನ್ನು ಕೇಳಿದಳು. ಐದಾರು ತಿಂಗಳಲ್ಲಿ ಹೀಗೆ ನೆಟ್ಟಗೆ ಕೇಳಿದವಳು ಅವಳೊಬ್ಬಳೇ.

“ನಾ ಎಲ್ಲಾ ಹೇಳ್ದೆ. ಈಗ ನೀ ಹೇಳು. ನಿನ್ನ ಗಂಡ ಅಮಿತಕುಮಾರ ನಿನಗ ಏನ್ ಮಾಡ್ದ?”

ಹೇಳಿದೆ. ಮದುವೆಯಾದ ಮೊದಲ ವರ್ಷ ಯಾವುದೋ ಸಣ್ಣ ಮಾತಿಗೆ ಒಂಬತ್ತು ದಿನ ಮಾತು ಬಿಟ್ಟ. ಆಮೇಲೆ, ಅವನನ್ನು ಕೇಳದೆ ಕಾಲೇಜಿಗೆ ಅರ್ಜಿ ಹಾಕಿದೆ ಎಂದು ನಲವತ್ತೊಂದು ದಿನ. ಕೊನೆಯ ಸಲ ಅರವತ್ತೆಂಟು. ಒಂದೇ ಮನೆ, ಒಂದೇ ಹಾಸಿಗೆ. ಊಟಕ್ಕೆ ನಾನು ಎದುರಿಗೇ ಕೂತಿರುತ್ತಿದ್ದೆ. ಅವನು ತನ್ನ ತಾಯಿಗೆ ಹೇಳುತ್ತಿದ್ದ: “ಆಕಿಗಿ ಹೇಳ್ರಿ, ಪಲ್ಯಾಕ್ಕ ಉಪ್ಪ ಕಮ್ಮಿ ಆಗ್ಯಾದ.” ನಾನು ಕ್ಷಮೆ ಕೇಳಿದೆ, ಕಣ್ಣೀರು ಹಾಕಿದೆ, ಕಾಗದ ಬರೆದು ದಿಂಬಿನ ಕೆಳಗಿಟ್ಟೆ. ಅರವತ್ತೆಂಟನೆಯ ದಿನ ಬಚ್ಚಲಲ್ಲಿ ನನ್ನ ಜೊತೆ ನಾನೇ ಗಟ್ಟಿಯಾಗಿ ಮಾತಾಡುತ್ತಿರುವುದು ನನಗೇ ಕೇಳಿತು. ಹೆದರಿಕೆಯಾಯಿತು. ಮರುದಿನ ಬೀದರಿನ ಬಸ್ಸು ಹತ್ತಿದೆ.

“ಅಬೋಲಾ ಹಿಡೀತಾನ ಅನ್ನು,” ಎಂದಳು ಆಯಿ, ಬಹಳ ಸಹಜವಾಗಿ.

“ಅದಕ್ಕ ಹೆಸರೂ ಅದ ಏನು?”

“ಇರ್ದೇ ಏನು? ಅಬೋಲಾ. ಒಂದ ಹೊತ್ತು, ಎರಡ ಹೊತ್ತು ಎಲ್ಲಾ ಗಂಡ ಹೆಂಡ್ರು ಹಿಡೀತಾರ. ತಿಂಗಳಗಟ್ಲೆ ಹಿಡದ್ರ ಅದು ಮನಶ್ಯಾರಿಗಿ ಕೊಲ್ಲೋದು.”

ಅಬೋಲಾ. ಮರಾಠಿಯಲ್ಲಿ ಬೋಲ ಅಂದರೆ ಮಾತು, ಅದಿಲ್ಲದ್ದು ಅಬೋಲಾ. ಚೀಟಿಯಲ್ಲಿ ಅರ್ಥ ಬರೆಯಲು ಹೋಗಿ ಅಳು ಬಂತು. ಅಕ್ಷರ ಕಲಸಿಹೋದವು, ಇನ್ನೊಂದು ಚೀಟಿ ತೆಗೆದುಕೊಂಡೆ. ನನಗಾದದ್ದು ನನ್ನೊಬ್ಬಳ ಹುಚ್ಚಲ್ಲ. ಹಿಂದೆ ಎಷ್ಟೋ ಹೆಂಗಸರಿಗೆ ಆಗಿ, ಸಾಕಾಗಿ, ಅದಕ್ಕೊಂದು ಹೆಸರು ಇಟ್ಟು ಹೋಗಿದ್ದಾರೆ.

೨೪ ಜುಲೈ, ಗುರುವಾರ

ಸಂತಪುರಕ್ಕೆ ಹೋಗಿದ್ದೆ. ಮನೆಯಲ್ಲಿ ಪದ ಕೂಡಿಸಲು ಎಂದು ಹೇಳಿದೆ. ಔರಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಹೊಲದಲ್ಲೆಲ್ಲ ಹೆಸರು, ಉದ್ದು ಮೊಣಕಾಲಿನವರೆಗೆ ಬಂದಿವೆ. ಬುಧಪ್ಪ ಎಂಬ ಆ ಮನುಷ್ಯ ಹೇಗಿದ್ದಾನೆ ನೋಡಬೇಕು ಎಂಬುದೊಂದೇ ಆಸೆ. ಮಾತಾಡಿಸಬೇಕೆಂದೂ ಇರಲಿಲ್ಲ.

ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೇಳಿದ್ದಕ್ಕೆ ಮನೆ ತೋರಿಸಿದರು. ತಗಡಿನ ಚಪ್ಪರ, ಕಟ್ಟೆಯ ಮೇಲೆ ಒಬ್ಬ ಹೆಂಗಸು ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಬುಧಪ್ಪನ ಸೊಸೆ. ಹಳೆಯ ಪದ ಕೇಳಲು ಬಂದಿದ್ದೇನೆ ಎಂದೆ.

“ಹಳೀ ಮಾತ ಬೇಕಂದ್ರ ನಮ್ಮ ಮಾವ ಇರ್ಬೇಕಿತ್ತ ನೋಡ್ರಿ. ಬಾವಿ ತೋಡೋ ಕೆಲಸ ಮಾಡ್ತಿದ್ರು. ಮಣ್ಣಿಗೇ ಹತ್ತ ನಮೂನಿ ಹೆಸರು ಹೇಳ್ತಿದ್ರು. ಹೋಗಿ ಹದ್ನಾರ ವರ್ಷ ಆಯ್ತು.”

ಒಳಗೆ ಗೋಡೆಯ ಮೇಲೆ ಫೋಟೋ ಇತ್ತು. ದೊಡ್ಡ ಕಿವಿ, ರುಮಾಲು, ನಗಬೇಕೋ ಬೇಡವೋ ಎಂಬ ಮುಖ. ೧೯೩೫–೨೦೦೯ ಎಂದು ಬರೆದಿತ್ತು.

ಆ ಹೆಂಗಸು ನೀರು ಕೊಟ್ಟಳು, ಚಹಾ ಕೊಟ್ಟಳು, ಮಣ್ಣಿನ ಎರಡು ಹೆಸರು ನೆನಪು ಮಾಡಿಕೊಂಡು ಹೇಳಿದಳು. ನಾನು ಬರೆದುಕೊಂಡೆ. ಏನು ಬರೆದೆ ಎಂದು ಈಗ ನೋಡಿದರೆ ಓದಲೂ ಬರುತ್ತಿಲ್ಲ.

೨೫ ಜುಲೈ, ಶುಕ್ರವಾರ

ಹೇಳಲು ಆಗಲಿಲ್ಲ. ಆಯಿ ಊಟಕ್ಕೆ ಕರೆದಳು, ಹೋಗಿ ಉಂಡೆ. “ಏನೇನ್ ಪದಾ ಸಿಕ್ಕವು?” ಎಂದು ಕೇಳಿದಳು. ಮಣ್ಣಿನ ಹೆಸರು ಎಂದೆ.

೧೦ ಆಗಸ್ಟ್, ಭಾನುವಾರ

ಬೈಠಕ್ ಮುಗಿಯಿತು. ಸಂಜೆ ಐದಕ್ಕೆ ಮನೆಗೆ ಬಂದೆವು. ಎಲ್ಲವನ್ನೂ ಬರೆದಿಡುತ್ತೇನೆ.

ಬೆಳಿಗ್ಗೆ ಹೊರಡುವಾಗ ಆಯಿ ಹೊಸ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಜೀಪಿನಲ್ಲಿ ಕೂತಿದ್ದಳು. “ನಿನ್ನ ಕೆಲಸ ಏನದ ಅಲ್ಲಿ?” ಎಂದು ಅಪ್ಪ ಗದರಿದರು. ಅವಳು ಇಳಿಯಲಿಲ್ಲ. ನಾನು ಬ್ಯಾಗು ತುಂಬಿರಲಿಲ್ಲ. ಅವ್ವ ತಾನೇ ತುಂಬಿ ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದಳು.

ಭಾಲ್ಕಿಯಲ್ಲಿ ಅಮಿತಕುಮಾರನ ಸೋದರಮಾವನ ಪಡಸಾಲೆ. ಹನ್ನೆರಡು ಮಂದಿ ಗಂಡಸರು, ಬಾಗಿಲ ಹತ್ತಿರ ನಾವು ಹೆಂಗಸರು. ಅಮಿತಕುಮಾರ ಎದುರಿಗೆ ಕೂತಿದ್ದ. ಸೊರಗಿದ್ದಾನೆ. ನೀಲಿ ಅಂಗಿಯ ಕಾಲರ್ ಸವೆದಿತ್ತು.

ಸೋದರಮಾವ ಶುರು ಮಾಡಿದರು: “ಹೇಳವಾ, ಹುಡುಗ ನಿನಗ ಏನ್ ತ್ರಾಸ ಕೊಟ್ಟಾನ?”

“ಅಬೋಲಾ ಹಿಡೀತಾನರಿ,” ಎಂದೆ. “ಒಂಬತ್ತು ದಿನ, ನಲವತ್ತೊಂದು ದಿನ, ಅರವತ್ತೆಂಟು ದಿನ.”

ಮೂಲೆಯಲ್ಲಿದ್ದ ಒಬ್ಬ ಮುದುಕರು ತಲೆ ಎತ್ತಿ “ಅರವತ್ತೆಂಟ?” ಎಂದರು. ಉಳಿದವರು ಕೆಮ್ಮಿದರು. ಸೋದರಮಾವ ನಕ್ಕರು. “ಗಂಡಸ್ರು ಸಿಟ್ಟಿನ್ಯಾಗ ಸುಮ್ಮ ಇರ್ತಾರವಾ. ಅಷ್ಟಕ್ಕ ಮನಿ ಬಿಡ್ತಾರೇನು? ನಿಮ್ಮ ಆಯಿ ಇಲ್ಲೇ ಕುಂತಾಳ. ಆಕಿಗಿ ಕೇಳು. ಒಬ್ಬನ ಸಂಗಾಟ ಐವತ್ತು ವರ್ಷ ಬಾಳ್ವಿ ಮಾಡ್ಯಾಳ.”

ಅಪ್ಪ ಹೌದೆಂದು ತಲೆಯಾಡಿಸಿದರು. ನಾನು ತುಟಿ ಕಚ್ಚಿ ನೆಲ ನೋಡುತ್ತ ಕೂತೆ. ಆಗ ಆಯಿ ನನ್ನ ಭುಜ ಹಿಡಿದು ಎದ್ದು ನಿಂತಳು.

“ನನಗ ಎರಡ ಆಗ್ಯಾವರಿ. ಮದಲನೇದು ಕಾಡಿಮೋಡ, ಎರಡನೇದು ಉಡಿಕಿ.”

ಅಪ್ಪ “ಅವ್ವಾ!” ಎಂದರು, ಅಷ್ಟೇ.

“ಪಂಚರು ನನಗ ಹಿಂಗೇ ಕೇಳಿದ್ರು, ಏನ್ ತ್ರಾಸ ಕೊಟ್ಟಾನ ಅಂತ. ಏನೂ ಇಲ್ಲರಿ, ಜೀವ ಹತ್ತವಲ್ದು ಅಂದೆ. ಅವರಿಗಿ ಅಕ್ಷರ ಬರ್ತಿರ್ಲಿಲ್ಲ. ಆದ್ರೂ ಬಿಟ್ರು. ನೀವು ಇಷ್ಟ ಕಲ್ತೀರಿ, ಈ ಪೋರಿಗಿ ಬಿಡ್ಲಕ್ಕ ಆಗವಲ್ದೇನು?”

ಸೋದರಮಾವನಿಗೆ ನಂಬಿಕೆ ಬರಲಿಲ್ಲ. ಮೊಮ್ಮಗಳಿಗಾಗಿ ಮುದುಕಿ ಕಥೆ ಕಟ್ಟುತ್ತಿದ್ದಾಳೆ ಎಂದೇ ಅವರ ಎಣಿಕೆ. “ಎರಡ ಆಗ್ಯಾವ ಅಂತೀ. ಮದಲನೇ ಗಂಡ ಯಾವಾಂವ? ಹೆಸರ ಹೇಳು ನೋಡೋಣು.”

ಆಯಿ ನನ್ನ ಕಡೆ ನೋಡಿದಳು. ಬೇಡ ಆಯಿ, ಬೇಡ ಎಂದು ಮೆಲ್ಲಗೆ ಹೇಳಿದೆ. ಅವಳು ಸೆರಗು ತಲೆಗೆ ಎಳೆದುಕೊಂಡಳು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ಬುಧಪ್ಪ. ಸಂತಪುರದ ಬುಧಪ್ಪ.”

ಮೂಲೆಯ ಮುದುಕರು ಎದ್ದು ಬಂದರು. “ಬಾವಿ ತೋಡೋ ಬುಧಪ್ಪ? ನಮ್ಮ ಕಾಕಾ ಆ ಪಂಚರಾಗ ಇದ್ರು. ನಾ ಕೇಳೀನಿ. ಈಕಿ ಸುಳ್ಳ ಹೇಳವಲ್ಲಳು.”

ಆಮೇಲೆ ಹೆಚ್ಚು ಮಾತಾಗಲಿಲ್ಲ. ಅಮಿತಕುಮಾರ ಮೊದಲ ಸಲ ಬಾಯಿ ಬಿಟ್ಟ. ನನ್ನ ಕಡೆ ನೋಡದೆ ಮಾವನಿಗೆ ಹೇಳಿದ: “ಆಕಿಗಿ ಹೇಳ್ರಿ ಮಾಮಾ, ಕೋರ್ಟಿನ ಕಾಗದಕ್ಕ ನಾ ಸೈ ಮಾಡ್ತೇನಿ.” ಅವ್ವ ಅವನನ್ನು ಶಪಿಸಲು ಬಾಯಿ ತೆರೆದಳು. ನಾನು ಕೈ ಹಿಡಿದು ತಡೆದೆ. ಅವನೂ ಊಟ ಮಾಡಿ ಆರಾಮ ಇರಲಿ.

ಬರುವಾಗ ಜೀಪಿನಲ್ಲಿ ಅಪ್ಪ ಮುಂದೆ ಕೂತು ರಸ್ತೆಯನ್ನೇ ನೋಡುತ್ತಿದ್ದರು. ನಮ್ಮ ಮನೆಯಲ್ಲೂ ಇನ್ನು ಅಬೋಲಾ ಶುರುವಾಯಿತು ಎಂದು ನನಗೆ ಭಯ. ಅರ್ಧ ದಾರಿಗೆ ಅವರು ತಿರುಗದೆಯೇ ಕೇಳಿದರು: “ಅವ್ವಾ, ನೀರ ಕುಡೀತೀ?”

ಆಯಿ ಕುಡಿಯಲಿಲ್ಲ. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: “ಹೆಸರ ತಗೊಂಡೆ ಪ್ರಣಾಲಿ. ಅಂವಗ ಏನಾರ ಆದ್ರ?”

೧೧ ಆಗಸ್ಟ್, ಸೋಮವಾರ

ಬೆಳಿಗ್ಗೆ ಎದ್ದವಳೇ ಹಿತ್ತಲಿಗೆ ಹೋದೆ. ಆಯಿ ತುಳಸಿಗಿಡದ ಪಕ್ಕ ಕೂತಿದ್ದಳು, ಕಣ್ಣು ಊದಿದ್ದವು. ಇನ್ನು ಬಚ್ಚಿಡುವುದು ಪಾಪ ಎನಿಸಿತು. ಸಂತಪುರಕ್ಕೆ ಹೋದದ್ದು, ಫೋಟೋ, ಇಸವಿ ಎಲ್ಲ ಹೇಳಿದೆ.

“ಹದ್ನಾರ ವರ್ಷ?”

“ಹೂಂ ಆಯಿ. ನೀ ನಿನ್ನೆ ಹೇಳಿದ್ದಕ್ಕ ಏನೂ ಆಗಿಲ್ಲ. ಎಪ್ಪತ್ನಾಕ ವರ್ಷ ಬದುಕಿದ್ರು.”

“ಎಪ್ಪತ್ನಾಕು,” ಎಂದು ಅವಳು ಬೆರಳಿನಲ್ಲಿ ಏನೋ ಎಣಿಸಿದಳು. ಮುಖದ ಮೇಲೆ ಸಣ್ಣ ಹೆಮ್ಮೆ ಬಂತು. “ನಾ ಹೆಸರ ತಗೊಂಡಿದ್ರ ಐವತ್ತಕ್ಕೇ ಹೋಗ್ತಿದ್ದ ನೋಡು.” ಮತ್ತೆ ನಕ್ಕಳು. “ಹದ್ನಾರ ವರ್ಷ ಖಾಲಿಪೀಲಿ ಚಾರಸಂಬಾ ಚಾರಸಂಬಾ ಅನ್ಕೋತ ಕುಂತೆ.” ನಗುತ್ತ ನಗುತ್ತಲೇ ಅವಳ ಬಾಯಿ ಸೊಟ್ಟಗಾಯಿತು. ನಾನು ತಬ್ಬಿಕೊಂಡೆ. ಅವಳು ಬಿಡಿಸಿಕೊಂಡಳು.

“ನೀರ ಕಾಸು. ತಲಿ ಮ್ಯಾಲ ಹಾಕ್ಕೋಬೇಕು.”

ಸತ್ತ ಸುದ್ದಿ ಕೇಳಿದ ಮನೆಯವರು ತಲೆಗೆ ನೀರು ಹಾಕಿಕೊಳ್ಳುವುದು ಹಳೆಯ ಪದ್ಧತಿ. ನಮ್ಮ ಮನೆಯಲ್ಲಿ ಅಪ್ಪ ಅದನ್ನೆಲ್ಲ ಎಂದೋ ನಿಲ್ಲಿಸಿದ್ದಾರೆ. ಮುತ್ಯಾ ತೀರಿಕೊಂಡಾಗಲೂ ಮಾಡಗೊಟ್ಟಿರಲಿಲ್ಲ. ಆದರೂ ನಾನು ಒಲೆ ಹಚ್ಚಿ ಹಂಡೆ ಇಟ್ಟೆ.

ಬಚ್ಚಲಲ್ಲಿ ಅವಳು ಸೀರೆ ಸಮೇತ ಮಣೆಯ ಮೇಲೆ ಕೂತಳು. ಮೊದಲ ಚೊಂಬು ಹಾಕಿದೆ, ಎರಡನೆಯದು ಹಾಕಿದೆ. ಬೆಳ್ಳನೆಯ ಕೂದಲು ಮುಖಕ್ಕೆ ಅಂಟಿಕೊಂಡಿತು. ಹಿಂದೆ ಸಪ್ಪಳವಾಯಿತು. ಬಾಗಿಲಲ್ಲಿ ಅಪ್ಪ, ಭುಜದ ಮೇಲೆ ಟವೆಲ್. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಸಂಘಪಾಲಾ,” ಎಂದು ಮಗನನ್ನು ಕರೆದಳು ಆಯಿ, ಕಣ್ಣು ಮುಚ್ಚಿಕೊಂಡೇ. “ಬುಧಪ್ಪ ಹ್ವಾದ.”

ಅಪ್ಪ ಒಳಗೆ ಬಂದು ನನ್ನ ಕೈಯಿಂದ ಚೊಂಬು ತೆಗೆದುಕೊಂಡರು. ಹಂಡೆಯ ನೀರಿಗೆ ಬೆರಳದ್ದಿ ಬಿಸಿ ನೋಡಿದರು. ಮೂರನೆಯ ಚೊಂಬನ್ನು ಅವರೇ ಹಾಕಿದರು.